ಕಬ್ಬಿಣದ ಮೇಲೊಂದು ಒಡಪು

ಪುಣೆ, ೧೯೩೮

ಅಪ್ಪಾ,

ನಾವು ಗೆದ್ದೆವು! ನಿನ್ನೆ ಇಂಜಿನಿಯರುಗಳ ಸಭೆಯಲ್ಲಿ ನಮ್ಮ ಗಂಡ-ಹೆಂಡಿರ ಪ್ರಬಂಧಕ್ಕೆ ಮೊದಲ ಬಹುಮಾನ ಬಂತು. ಸೇತುವೆಯ ಸರಳು ಏಕೆ ಮುರಿಯುತ್ತದೆಂದು ಇವರು ಬರೆದರು. ಮುರಿದರೆ ಹೊಣೆ ಯಾರದೆಂದು, ನೀವು ಕಲಿಸಿದ ಕಾಯ್ದೆ ಹಿಡಿದು, ನಾನು ಬರೆದೆ.

ಓದುವ ಮೊದಲು ಇಬ್ಬರ ಹೆಸರನ್ನೂ ಹೇಳಬೇಕಿತ್ತು. ಗಂಡನ ಹೆಸರು ನನ್ನ ಬಾಯಿಂದ ಹೊರಡಲೇ ಇಲ್ಲ! ಹಿಂದಿನ ಸಾಲಿನಿಂದ ಅತ್ತೆ ಕೂಗಿದರು: "ಒಡಪು ಹಾಕಿ ಹೇಳವಾ, ನಾಚಬ್ಯಾಡ!"

ಪ್ರಾಸ ಕಟ್ಟಿ, ಅದರಲ್ಲಿ ಹೆಸರು ಸೇರಿಸಿ ಹೇಳಿಯೇಬಿಟ್ಟೆ: "ಸರಳು ಮುರದರ ಕಾಯ್ದೆ ಕೇಳತದ, ಯಾರದು ತಪ್ಪ? ಜೋಡಿಲೆ ಹುಡಿಕೇವಿ, ನಾನೂ ಮುರುಗೆಪ್ಪ!"

ಕನ್ನಡ ಬಾರದವರೂ ಚಪ್ಪಾಳೆ ಹೊಡೆದರು.

ಮದುವೆಯಾದರೆ ನನ್ನ ಓದು ಒಲೆಗೆ ಹೋಗುತ್ತದೆ ಎಂದಿದ್ದಿರಿ. ಆಮೇಲೆ ನನ್ನ ಮೂರು ಪತ್ರಗಳೂ ಒಡೆಯದೆಯೇ ತಿರುಗಿ ಬಂದವು. ಇದನ್ನು ಅಂಚೆಗೆ ಹಾಕುವುದಿಲ್ಲ. ಶುಕ್ರವಾರ ಬೆಳಿಗ್ಗೆ ಪುಣೆಯ ಮೇಲ್ ಗಾಡಿಯಿಂದ ಧಾರವಾಡದಲ್ಲಿ ಇಳಿದು, ನಿಮ್ಮ ಕೈಗೇ ಕೊಡುತ್ತೇನೆ.