ಕಾಯಿಲೆಪಾಲಿನ ನೀರು

ರಾಯಚೂರು, ನರಕ ಚತುರ್ದಶಿ, ಕ್ರಿ.ಶ. 2241

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಹಂಪಮ್ಮನ ನಮಸ್ಕಾರ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮವೂ ನಮಗೆ ಹಾಗೆಯೇ. ಮಳೆಗಾಲವೆಂದರೆ ನಾಲ್ಕು ತಿಂಗಳಂತೆ, ನಾನಂತೂ ನಂಬಿಲ್ಲ.

ದೀಪಾವಳಿಗೆ ನೀರು ತುಂಬುವ ಶಾಸ್ತ್ರ ನಮ್ಮಲ್ಲೂ ಇದೆ. ಹಂಡೆ ತೊಳೆದು, ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತುತ್ತೇವೆ. ಬಳ್ಳಿ ಪ್ಲಾಸ್ಟಿಕ್ಕಿನದು, ನಿಮ್ಮ ಕಾಲದ್ದೇ, ಇನ್ನೂ ಕೊಳೆತಿಲ್ಲ. ಮಾಮೂಲಿ ದಿನಗಳಲ್ಲಿ ಮೈ ಒರೆಸಲು ತಲೆಗೊಂದು ತಂಬಿಗೆ ನೀರು. ರೋಗಿ ಇರುವ ಮನೆಗೆ ಹಬ್ಬಕ್ಕೆಂದು ನಾಲ್ಕು ಕೊಡ ಹೆಚ್ಚು ಬರುತ್ತದೆ. ಅದನ್ನು ಕಾಯಿಲೆಪಾಲು ಎನ್ನುತ್ತೇವೆ. ರೋಗಿ ಮನೆಯಲ್ಲೇ ಇರಬೇಕು. ನೀರಿನವನು ಮುಖ ನೋಡಿಯೇ ಸುರಿಯುವುದು.

ನನ್ನ ಶ್ವಾಸಕೋಶಕ್ಕೆ ಧೂಳು ಹೊಕ್ಕು ಆರು ವರ್ಷವಾಯಿತು. ವರ್ಷವಿಡೀ ಆರೈಕೆಮನೆಯಲ್ಲಿ ಬಿದ್ದಿರುತ್ತೇನೆ. ಮಗ ಶರಭಯ್ಯ ಹಬ್ಬದ ಹಿಂದಿನ ದಿನ ಮಾತ್ರ ತಪ್ಪದೆ ಬಂದು ಕರೆದೊಯ್ಯುತ್ತಾನೆ. ಪಕ್ಕದ ಹಾಸಿಗೆಯವರಿಗೆ ಹೊಟ್ಟೆಕಿಚ್ಚು. ಪಡಲಿ. ನೀರಿನವನಿಗೆ ಮುಖ ತೋರಿಸಿ ಆದ ಮೇಲೆ ನನ್ನನ್ನು ಮೂಲೆಯ ಮಂಚಕ್ಕೆ ಸಾಗಿಸುತ್ತಾರೆ. ಎಲ್ಲರ ಮೈಗೂ ಬಿಸಿನೀರು, ನನಗೆ ಒದ್ದೆ ಬಟ್ಟೆ. ಕೆಮ್ಮು ಹೆಚ್ಚುತ್ತದೆ ಎಂಬುದು ನೆಪ. ನಾನೂ ಬಾಯಿ ಬಿಡಲಿಲ್ಲ. ಬಿಟ್ಟು, ಮುಂದಿನ ವರ್ಷ ಕರೆಯಲು ಬರದಿದ್ದರೆ?

ಇವತ್ತು ಎಲ್ಲರ ಸ್ನಾನ ಮುಗಿದ ಮೇಲೆ ಸೊಸೆ ದಾನೇಶ್ವರಿ ತನ್ನ ಪಾಲಿನ ನೀರು ಮುಟ್ಟದೆ, ನನ್ನನ್ನು ಎಬ್ಬಿಸಿ ಬಚ್ಚಲಿಗೆ ನಡೆಸಿಕೊಂಡು ಹೋದಳು. ಇಪ್ಪತ್ತು ವರ್ಷದಿಂದ ಅವಳನ್ನು ಕಂಡರೆ ನನಗಾಗದು, ಅವಳಿಗೂ ಅಷ್ಟೇ. ನೆತ್ತಿಗೆ ಎಣ್ಣೆ ತಟ್ಟುತ್ತ, “ಸುಮ್ನ ಕೂಡ್ರಿ ಅತ್ತಿ, ನೀರು ಆರತೈತಿ,” ಎಂದು ಗದರಿದಳು. ಬಿಸಿನೀರು ಕತ್ತಿನಿಂದ ಬೆನ್ನಿಗೆ ಇಳಿಯಿತು. ಅಳು ತಡೆಯಲಾಗಲಿಲ್ಲ. ಕಣ್ಣಿಗೆ ಎಣ್ಣೆ ಹೋಯಿತೆಂದುಕೊಂಡು ಸೆರಗಿನಿಂದ ಒರೆಸಿದಳು. ಈ ವರ್ಷ ಅವಳಿಗೆ ಎಣ್ಣೆಸ್ನಾನವಿಲ್ಲ.

ನಾಳೆ ಆರೈಕೆಮನೆಯ ಗಾಡಿ ಬರುತ್ತದೆ. ಹತ್ತುವ ಮುಂಚೆ ಅವಳ ಕೈ ಹಿಡಿದು ಒಂದು ಮಾತು ಹೇಳಬೇಕು; ಮುಂದಿನ ದೀಪಾವಳಿಯವರೆಗೆ ಈ ಜೀವ ಎಳೆಯುವುದಿಲ್ಲ. ಹೇಗೆ ಹೇಳುವುದೋ, ಅಂಥ ಮಾತಿನ ಅಭ್ಯಾಸವೇ ತಪ್ಪಿದೆ.

ಹಿರಿಯರೇ, ನೀವು ಹಂಡೆ ತುಂಬಿ ಚೆಲ್ಲುವಷ್ಟು ಸುರಿದುಕೊಳ್ಳುತ್ತಿದ್ದಿರಂತೆ. ಹಬ್ಬ ಉಳಿಸಿಕೊಟ್ಟಿರಿ, ನೀರು ಉಳಿಸಲಿಲ್ಲ. ಪತ್ರದ ಕೊನೆಗೆ ಪೂರ್ವಜರ ಉಪಕಾರ ಸ್ಮರಿಸುವುದು ನಮ್ಮ ಪದ್ಧತಿ. ನನ್ನಿಂದಾಗದು. ನನ್ನಲ್ಲಿ ಉಳಿದಿರುವ ಕೃತಜ್ಞತೆ ಒಬ್ಬರಿಗಾಗುವಷ್ಟು ಮಾತ್ರ. ಅದು ದಾನೇಶ್ವರಿಗೆ ಬೇಕು.