ಎಂಟು ಸಾವಿರದ ನಾನೂರ ಹನ್ನೆರಡು ಮೈಲಿ

ವರ್ಕ್‌ಶಾಪಿನ ಹಿಂದಿನ ಕೋಣೆಯಿಂದ,
ಮಾರ್ಚ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ನಟ್ಟು,

ಹೇಗಿದ್ದೀಯ ಮಗಳೇ? ಬಲಗೈ ಮಣಿಕಟ್ಟಿನ ನೋವು ಇಳಿಯಿತೇ? ಹಡಗಿನ ಎಂಜಿನ್ನಿನ ಬೋಲ್ಟುಗಳನ್ನು ಒಬ್ಬಳೇ ಬಿಗಿಯಲು ಹೋಗಿ ನೋವು ಮಾಡಿಕೊಂಡೆ ಎಂದು ನಿಮ್ಮಮ್ಮ ಹೇಳಿದಳು. ರಾತ್ರಿ ಮಲಗುವ ಮೊದಲು ಬಿಸಿನೀರಿನಲ್ಲಿ ಕೈ ಇಟ್ಟುಕೋ, ಎರಡು ವಾರ ದೊಡ್ಡ ಸ್ಪ್ಯಾನರ್ ಮುಟ್ಟಬೇಡ. ನಿಮ್ಮಮ್ಮ ಚೆನ್ನಾಗಿದ್ದಾಳೆ, ಮೆಟ್ಟಿಲು ಹತ್ತುವಾಗ ಮಾತ್ರ ಮಂಡಿಯನ್ನು ಬೈಯುತ್ತಾಳೆ. ನನ್ನ ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆಯಂತೆ. ಇರದೆ ಏನು, ಸಕ್ಕರೆ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟಿದ್ದಾಳೋ ಅವಳಿಗೇ ಗೊತ್ತು. ಮೂವತ್ತು ದಾಟಿದ ಮಗಳನ್ನು ಇನ್ನೂ ನಟ್ಟು ಎಂದು ಕರೆಯಬೇಡಿ ಎನ್ನುತ್ತಾಳೆ. ಮೂರು ವರ್ಷದವಳಿದ್ದಾಗ ಬಾಯಲ್ಲಿ ನಟ್ಟು ಇಟ್ಟುಕೊಂಡು ಇಡೀ ವರ್ಕ್‌ಶಾಪನ್ನು ಹುಡುಕಾಡಿಸಿದವಳನ್ನು ಬೇರೆ ಏನೆಂದು ಕರೆಯಲಿ?

ನನ್ನಿಂದ ಪತ್ರ ಬಂದದ್ದು ನೋಡಿ ಗಾಬರಿಯಾಗಬೇಡ. ನಾನು ಜೀವಮಾನದಲ್ಲಿ ಬರೆದದ್ದೆಲ್ಲ ವರದಿಗಳೇ: ಎಂಜಿನ್ ಪರವಾಗಿಲ್ಲ, ಗಾಡಿಯ ಬಾಡಿ ತುಕ್ಕು ಹಿಡಿದಿದೆ, ಕೊಳ್ಳಬಹುದು, ಕೊಳ್ಳಬಾರದು. ಪತ್ರ ಬರೆದು ಅಭ್ಯಾಸವಿಲ್ಲ. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ಎಷ್ಟು ಎನ್ನುವುದು ನಿನಗೂ ಗೊತ್ತು. ನೀನೂ ಅಮ್ಮನೂ ನಗುತ್ತಿರುತ್ತೀರಿ, ನಾನು ಒಳಗೆ ಬಂದ ಕೂಡಲೇ ಮಾತು ತರಕಾರಿ ಬೆಲೆಗೆ ಹೊರಳುತ್ತದೆ. ಫೋನ್ ನನ್ನ ಕೈಗೆ ಬಂದರೆ ನೀನು "ಆರೋಗ್ಯಾನಾ ಅಪ್ಪಾ?" ಅನ್ನುತ್ತೀಯ, ನಾನು "ಹ್ಞೂಂ, ನೀನು?" ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಏಳು ವರ್ಷದಿಂದ ಹೀಗೇ ನಡೆದಿದೆ. ಈಗ ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ.

ಕಳೆದ ಸೋಮವಾರ ಒಬ್ಬ ನಿವೃತ್ತ ಪೈಲಟ್ ನಮ್ಮ ವರ್ಕ್‌ಶಾಪಿಗೆ ಬಂದರು. ತೆಳ್ಳಗೆ, ನೆಟ್ಟಗೆ, ಸ್ಟೂಲಿನ ಮೇಲೂ ಬೆಲ್ಟ್ ಹಾಕಿಕೊಂಡವರ ಹಾಗೆ ಕೂರುವ ಮನುಷ್ಯ. ಅಮೆರಿಕದ ಹಳೇ ಕಾರೊಂದು ಮಾರಾಟಕ್ಕಿದೆ, ತೀರಾ ಕಡಿಮೆ ಓಡಿದೆ ಅನ್ನುತ್ತಾರೆ, ನಿಜವೋ ಸುಳ್ಳೋ ನೋಡಿ ಹೇಳಬೇಕು ಎಂದರು. ವಿಳಾಸದ ಚೀಟಿಯನ್ನು ಓದದೆ ಜೇಬಿಗೆ ಹಾಕಿಕೊಂಡೆ. ಮರುದಿನ ಚೀಟಿ ನೋಡಿ ವಿಚಾರಿಸುತ್ತ ಆ ಬೀದಿಯ ತಿರುವಿಗೆ ಬಂದಾಗಲೇ ಗೊತ್ತಾದದ್ದು. ಹಸಿರು ಬಣ್ಣದ ಕಬ್ಬಿಣದ ಗೇಟು, ಬಲಕ್ಕೆ ತಗಡಿನ ಛಾವಣಿಯ ಶೆಡ್ಡು. ಕಣ್ಣಿನ ಡಾಕ್ಟರ ಮನೆ, ನಟ್ಟು. ನೀನು ಕಡೆಯ ಸಲ ನನ್ನ ಜೊತೆ ಕೆಲಸಕ್ಕೆ ಬಂದ ಮನೆ. ಹಿಂತಿರುಗಿ ಹೋಗೋಣವೆಂದು ಸ್ಕೂಟರ್ ತಿರುಗಿಸಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಡಾಕ್ಟರ ಹೆಂಡತಿಯೇ ಗೇಟು ತೆರೆದರು. ಡಾಕ್ಟರು ತೀರಿಹೋಗಿ ಹದಿನಾಲ್ಕು ತಿಂಗಳಾಯಿತಂತೆ. ಆಕೆ ನನ್ನ ಗುರುತು ಹಿಡಿಯಲಿಕ್ಕಿಲ್ಲ ಅಂದುಕೊಂಡೆ. "ನೀವಾ? ಬನ್ನಿ, ಬನ್ನಿ. ಗಾಡಿ ಅಲ್ಲೇ ಇದೆ. ನೀವು ಬಿಟ್ಟುಹೋದ ಕಡೆಯಿಂದ ಒಂದಡಿ ಅಲ್ಲಾಡಿಲ್ಲ" ಅಂದರು. ಕೋಪವಿರಲಿಲ್ಲ ದನಿಯಲ್ಲಿ. ಕೋಪವಿದ್ದಿದ್ದರೆ ಒಳ್ಳೆಯದಿತ್ತು.

ಅವತ್ತಿನದು ನಿನಗೆ ನನಗಿಂತ ಚೆನ್ನಾಗಿ ನೆನಪಿರಬೇಕು. ಆದರೂ ಬರೆಯುತ್ತೇನೆ, ಏಕೆಂದರೆ ಒಮ್ಮೆಯೂ ನಾನಾಗಿ ಬಾಯಿಬಿಟ್ಟು ಹೇಳಿಲ್ಲ. ಒಬ್ಬ ಹೋಟೆಲ್ ಮಾಲೀಕ ಡಾಕ್ಟರ ಆ ಕಾರನ್ನು ಕೊಳ್ಳಲು ಹೊರಟಿದ್ದ, ಪರೀಕ್ಷೆಗೆ ನಮ್ಮಿಬ್ಬರನ್ನು ಕರೆದೊಯ್ದಿದ್ದ. ಊಟದ ಮೇಜಿನಷ್ಟು ಅಗಲದ ಬಾನೆಟ್, ಹಿಂದೆ ಮೀನಿನ ರೆಕ್ಕೆಯಂಥ ಅಂಚು, ತಿಳಿನೀಲಿ ಬಣ್ಣ. ಮೀಟರಿನಲ್ಲಿ ಎಂಟು ಸಾವಿರದ ನಾನೂರ ಹನ್ನೆರಡು ಮೈಲಿ. ಆ ಕಾಲದ ಅಮೆರಿಕದ ಕಾರುಗಳ ಮೀಟರಿಗೆ ಐದೇ ಅಂಕಿ. ಒಂದು ಲಕ್ಷ ಮುಟ್ಟಿದರೆ ಮತ್ತೆ ಸೊನ್ನೆಯಿಂದ ಶುರು. ಹಾಗಾಗಿ ಎಂಟು ಸಾವಿರ ಎಂದು ತೋರಿಸುವ ಗಾಡಿ ಎಂಟು ಸಾವಿರವೇ ಓಡಿರಬಹುದು, ಇಲ್ಲವೆ ಒಂದು ಲಕ್ಷದ ಎಂಟು ಸಾವಿರ ಓಡಿರಬಹುದು. ನಾನು ಬಾಗಿಲು ತೆಗೆದು ಬ್ರೇಕ್ ಪೆಡಲ್ ನೋಡಿದೆ. ರಬ್ಬರಿನ ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿತ್ತು. ಡ್ರೈವರ್ ಸೀಟು ಒಂದು ಕಡೆಗೆ ಕುಸಿದಿತ್ತು. "ಲಕ್ಷ ದಾಟಿದ ಗಾಡಿ ಇದು, ಮೀಟರ್ ಒಂದು ಸುತ್ತು ಹೊಡೆದಿದೆ" ಎಂದು ಅಲ್ಲೇ, ಡಾಕ್ಟರ ಎದುರಿಗೇ ಘೋಷಿಸಿಬಿಟ್ಟೆ. ಅಷ್ಟರಲ್ಲಿ ನೀನು ಮುಂದಿನ ಚಕ್ರ, ಅದರ ಹಿಂದೆ ಬ್ರೇಕ್ ಉಜ್ಜುವ ಡ್ರಮ್ ಎರಡನ್ನೂ ಬಿಚ್ಚಿದ್ದೆ. ಕೈಗೆಲ್ಲ ಗ್ರೀಸು. "ಅಪ್ಪಾ, ಡ್ರಮ್ ಒಂಚೂರೂ ಸವೆದಿಲ್ಲ. ಪೆಡಲ್ ಕಾಲಿಗೂ ಸವೆಯತ್ತೆ, ಡ್ರಮ್ ಓಡಿದ್ರೆ ಮಾತ್ರ ಸವೆಯೋದು. ಇಲ್ನೋಡು" ಅಂದೆ. ಹೋಟೆಲ್ ಮಾಲೀಕ ನನ್ನ ಮುಖ, ನಿನ್ನ ಮುಖ ನೋಡಿದ. ನಾನು ನೋಡಲು ಬಗ್ಗಲಿಲ್ಲ. "ಡ್ರಮ್ ಬದಲಾಯಿಸಿದಾರೆ. ನಾಲ್ಕು ದಿನ ಸ್ಪ್ಯಾನರ್ ಹಿಡಿದ ಕೂಡ್ಲೇ ಮೇಸ್ತ್ರಿ ಆಗಲ್ಲ, ಬಾಯಿ ಮುಚ್ಕೊಂಡು ಟೂಲ್ಸ್ ಎತ್ತಿಡು" ಎಂದೆ. ಒಂಬತ್ತು ವರ್ಷ ನನ್ನ ಜೊತೆ ಕೆಲಸ ಮಾಡಿದವಳಿಗೆ ಹೇಳಿದ ಮಾತು ಅದು. ನೀನು ಕೈ ಒರೆಸಿಕೊಂಡು ನಿನ್ನ ಚೀಲ ಎತ್ತಿಕೊಂಡು ಹೊರಟೆ. ಮುಂದಿನ ತಿಂಗಳೇ ಬಂದರಿನ ಕೆಲಸಕ್ಕೆ ಸೇರಿದೆ. ನಿಜ ಹೇಳುತ್ತೇನೆ ಮಗಳೇ, ಆ ದಿನ ನನ್ನ ಕಣ್ಣು ನನಗೇ ಮೋಸ ಮಾಡಿತು, ನಾನು ಹೇಳಿದ್ದೇ ಸರಿ ಎಂದು ಮನಸಾರೆ ನಂಬಿದ್ದೆ.

ಈ ಸಲ ಎರಡು ದಿನ ತೆಗೆದುಕೊಂಡು ನೋಡಿದೆ. ನಿನ್ನ ಪದ್ಧತಿಯಲ್ಲೇ, ಕೆಳಗಿನಿಂದ ಮೇಲಕ್ಕೆ. ವಯಸ್ಸಾದ ಮೇಲೆ ಗಾಡಿಯ ಕೆಳಗೆ ನುಗ್ಗುವುದು ಸುಲಭ, ಹೊರಗೆ ಬರುವುದೇ ಕಷ್ಟ, ಆ ತಾಯಿಯೇ ಒಮ್ಮೆ ಕೈಕೊಟ್ಟು ಎಳೆದರು. ತಳದಲ್ಲಿ ಕಾರ್ಖಾನೆಯವರು ಹಳದಿ ಸೀಮೆಸುಣ್ಣದಲ್ಲಿ ಗೀಚಿದ ಗುರುತು ಇನ್ನೂ ಇತ್ತು. ರೇಡಿಯೇಟರಿನ ಕೊಳವೆಗಳು ಕಾರಿನ ಜೊತೆಗೇ ಬಂದವು, ಕಟ್ಟಿಗೆಯಂತೆ ಗಟ್ಟಿಯಾಗಿದ್ದವು, ಆದರೆ ಯಾರೂ ಬದಲಾಯಿಸಿರಲಿಲ್ಲ. ಬಾಗಿಲುಗಳ ಕೀಲು ಒಂದು ಕೂದಲಿನಷ್ಟೂ ಜಗ್ಗಿರಲಿಲ್ಲ. ಲಕ್ಷ ಮೈಲಿ ಓಡಿದ ಗಾಡಿಯ ಆ ಭಾರದ ಬಾಗಿಲು ಕೈಯಲ್ಲಿ ಎತ್ತಿ ಹಾಕುವಂತಾಗಿರುತ್ತದೆ. ಎಂಟೂ ಸಿಲಿಂಡರಿನ ಒತ್ತಡ ನೋಡಿದೆ, ಎಂಟೂ ಒಂದೇ ಸಮ. ಬಾಗಿಲಿನ ಒಳ ಅಂಚಿನಲ್ಲಿ ಆಯಿಲ್ ಬದಲಿಸಿದ ಚೀಟಿಗಳು ಒಂದರ ಮೇಲೊಂದು ಅಂಟಿದ್ದವು, ಡಾಕ್ಟರ ಸಣ್ಣ ಅಕ್ಷರ, ತಾರೀಕು, ಮೈಲಿ. ಮೂವತ್ತೊಂದು ವರ್ಷಕ್ಕೆ ಆರು ಚೀಟಿ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ನೀನು ಸರಿ, ನಾನು ತಪ್ಪು.

ಉಳಿದದ್ದು ಪೆಡಲ್ಲು ಮತ್ತು ಸೀಟು. ಓಡದ ಗಾಡಿಯಲ್ಲಿ ಅವು ಹೇಗೆ ಸವೆದವು? ಕೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿ ಕೊನೆಗೆ ಕೇಳಿದೆ. ಆಕೆ ಶೆಡ್ಡಿನ ಹೊಸ್ತಿಲ ಮೇಲೆ ಕೂತು ಹೇಳಿದರು. ಡಾಕ್ಟರು ದೂರ ದೂರ ಹೋಗಬೇಕೆಂದು ಆಸೆಪಟ್ಟು ಆ ಕಾರು ತಂದದ್ದು. ಆದರೆ ಆ ಮೆತ್ತನೆಯ ಸ್ಪ್ರಿಂಗಿನ ಗಾಡಿ ದೋಣಿಯ ಹಾಗೆ ತೂಗುತ್ತದಲ್ಲ, ಆಕೆಗೆ ಎರಡು ಮೈಲಿ ಹೋಗುವಷ್ಟರಲ್ಲಿ ವಾಂತಿ. "ನೀವು ಹೋಗಿ ಬನ್ನಿ ಅಂದ್ರೆ, ನೀನಿಲ್ದೆ ನಾನೊಬ್ನೇ ಹೋಗಿ ಯಾರಿಗೆ ಏನು ತೋರಿಸ್ಲಿ ಅಂತಿದ್ರು. ಆಮೇಲಾಮೇಲೆ ಹೊರಗೆ ತೆಗೆಯೋದೇ ಬಿಟ್ರು. ಸಂಜೆ ಆಸ್ಪತ್ರೆಯಿಂದ ಬಂದ್ರೆ ಶೆಡ್ಡಲ್ಲೇ ಅದ್ರೊಳಗೆ ಕೂತು ರೇಡಿಯೋ ಕೇಳೋರು, ಗೇರು ಹಾಕೋರು, ಬ್ರೇಕ್ ತುಳಿಯೋರು. ಚಿಕ್ಕ ಮಕ್ಕಳ ಹಾಗೆ. ನಾನು ಅಡುಗೆಮನೆ ಕಿಟಕೀಲಿ ನೋಡಿ ನಗ್ತಿದ್ದೆ. ಕೊನೆಗೆ, ಓಡಿಸೋರ ಕೈಗಾದ್ರೂ ಸೇರ್ಲಿ ಅಂತ ಮಾರೋಕೆ ಮನಸ್ಸು ಮಾಡಿದ್ರು." ಆಮೇಲೆ ಅಂದರು: "ನೀವು ಬಂದುಹೋದ ಮೇಲೆ ಕೂರೋದು ನಿಲ್ಲಿಸಿಬಿಟ್ರು. ಕೇಳಿದ್ರೆ, ಸುಳ್ಳುಗಾರನ ಗಾಡಿ ಅದು, ಬಿಡು ಅನ್ನೋರು."

ನಾನು ಅವತ್ತು ಆ ಅಂಗಳದಲ್ಲಿ ಹೇಳಿ ಸುಮ್ಮನಾಗಿರಲಿಲ್ಲ. ಬಿಡಿಭಾಗದ ಅಂಗಡಿಗಳ ಬೀದಿಯಲ್ಲಿ, ಟೀ ಕುಡಿಯುವ ಬೆಂಚಿನ ಮೇಲೆ, ಕಣ್ಣಿನ ಡಾಕ್ಟರು ನಮ್ಮ ಕಣ್ಣಿಗೇ ಮಣ್ಣೆರಚಲು ನೋಡಿದರು ಎಂದು ನಗಿಸುತ್ತ ತಿರುಗಿದ್ದೆ. ನಗುವವರು ಇದ್ದರು. ಆಮೇಲೆ ಗಾಡಿ ಕೇಳಿಕೊಂಡು ಆ ಮನೆಗೆ ಒಬ್ಬ ಗಿರಾಕಿಯೂ ಹೋಗಲಿಲ್ಲ. ಮೂವತ್ತು ವರ್ಷ ಊರಿನವರ ಕಣ್ಣು ನೋಡಿದ ಮನುಷ್ಯ, ಒಬ್ಬರಿಗೂ ಇಲ್ಲದ ಕಾಯಿಲೆ ಹೇಳಿದವರಲ್ಲ. ಕೊನೆಗೆ ನಾನು ತಲೆ ತಗ್ಗಿಸಿ, "ಅಮ್ಮಾ, ಗಾಡಿ ಓಡಿರೋದು ಎಂಟು ಸಾವಿರ ಮೈಲೀನೇ. ತಪ್ಪು ನಂದು" ಎಂದೆ. "ಅದು ನಮಗೆ ಗೊತ್ತಿತ್ತಲ್ಲಪ್ಪಾ. ಗೊತ್ತಿಲ್ಲದೋರು ನೀವು. ಇದನ್ನ ಅವರಿಗೆ ಹೇಳಬೇಕಿತ್ತು" ಅಂದರು. ಅಷ್ಟೇ. ಆಮೇಲೆ ನಿನ್ನನ್ನು ವಿಚಾರಿಸಿದರು. ಅವತ್ತು ನೀನು ಹೋಗುವಾಗ ಡಾಕ್ಟರ ಹತ್ತಿರ ನಿಂತು, "ಸಾರ್, ನಿಮ್ಮ ಗಾಡಿ ಸರಿಯಾಗಿದೆ, ನಿಮ್ಮ ಮೀಟರೂ ಸರಿಯಾಗಿದೆ" ಎಂದು ಹೇಳಿ ಹೋದೆಯಂತೆ. ನನಗೆ ಇದು ಗೊತ್ತೇ ಇರಲಿಲ್ಲ. "ಮೇಸ್ತ್ರಿ ನಂಬದಿದ್ರೆ ಹೋಗ್ಲಿ, ಕೆಲಸ ಗೊತ್ತಿರೋ ಆ ಹುಡುಗಿ ನಂಬಿದ್ಲು" ಎಂದು ಡಾಕ್ಟರು ಆಸ್ಪತ್ರೆಯ ಮಂಚದ ಮೇಲೂ ಹೇಳುತ್ತಿದ್ದರಂತೆ.

ಪೈಲಟ್ ಸಾಹೇಬರಿಗೆ ವರದಿ ಬರೆದುಕೊಟ್ಟೆ. ಮೈಲಿ ನಿಜ, ಗಾಡಿ ಕೊಳ್ಳಲು ಯೋಗ್ಯ ಎಂದೆ. ಏಳು ವರ್ಷದ ಹಿಂದೆ ಇದನ್ನೇ ಸರಿಯಾಗಿ ಪರೀಕ್ಷಿಸಿ ಹೇಳಿದವಳು ನನ್ನ ಮಗಳು, ಆಗ ತಪ್ಪು ಹೇಳಿದವನು ನಾನು ಎಂದೂ ಬರೆದು ಸಹಿ ಹಾಕಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, "ಇದನ್ನ ಬರೀಲೇಬೇಕಾ?" ಎಂದು ಕೇಳಿದರು. ಹೌದು ಎಂದೆ. ಗಾಡಿ ಕೊಂಡರು, ಒಳ್ಳೆಯ ಬೆಲೆಗೇ. ಟೀ ಬೆಂಚಿಗೂ ಹೋಗಿ ಹೇಳಿದೆ. ಒಬ್ಬನಿಗೂ ನೆನಪಿಲ್ಲ! "ಯಾವ ಡಾಕ್ಟರು? ಯಾವ ಗಾಡಿ? ಹಳೇ ಕಥೆ ಬಿಡಣ್ಣ, ಟೀ ಕುಡಿ" ಅಂದರು. ಟೀ ಲೋಟ ಬೆಂಚಿನ ಮೇಲೇ ಬಿಟ್ಟು ಎದ್ದು ಬಂದೆ.

ಗುರುವಾರ ಎಂಜಿನ್ ಶುರು ಮಾಡಿದೆವು. ಹೊಸ ಬ್ಯಾಟರಿ, ಹೊಸ ಕೊಳವೆ, ಟ್ಯಾಂಕು ತೊಳೆದು ಹೊಸ ಪೆಟ್ರೋಲು. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು, ಆಮೇಲೆ ಅದರ ದನಿ ನೀನು ಕೇಳಬೇಕಿತ್ತು. ಪೈಲಟ್ ಸಾಹೇಬರು ಚಾಲಕನ ಜಾಗದಿಂದ ಇಳಿದು, ಆ ತಾಯಿಗೆ ಪಕ್ಕದ ಬಾಗಿಲು ತೆರೆದು ಹಿಡಿದರು. ಆಕೆ ಬೇಡ ಬೇಡ ಎನ್ನುತ್ತಲೇ ಸೆರಗು ಸರಿಮಾಡಿಕೊಂಡು ಕೂತರು. ನಾನು ಹಿಂದಿನ ಸೀಟಿನಲ್ಲಿ. ಬೀದಿಯ ಕೊನೆಯವರೆಗೆ ಹೋಗಿರಬೇಕು, "ನಿಲ್ಸಿ ನಿಲ್ಸಿ, ಹೊಟ್ಟೆ ತೊಳೆಸ್ತಿದೆ!" ಎಂದು ಕೂಗಿದರು. ಬಾಗಿಲು ತೆಗೆದು ಎರಡೂ ಕಾಲು ಹೊರಗಿಟ್ಟು ಕೂತು ನಕ್ಕರು. ನಗುತ್ತ ನಗುತ್ತಲೇ ಅತ್ತರು. ವಾಪಸು ನಡೆದೇ ಹೋದರು, ಗಾಡಿಯ ಕಡೆ ತಿರುಗಿ ನೋಡಲಿಲ್ಲ.

ಇಷ್ಟು, ಮಗಳೇ. ಕೆಲಸ ಬಿಟ್ಟು ಬಾ ಎಂದು ಕರೆಯಲು ಬರೆದದ್ದಲ್ಲ. ಹಡಗಿನ ಎಂಜಿನ್ ಬಿಚ್ಚುವವಳಿಗೆ ನಮ್ಮ ಈ ಡಬ್ಬಿ ಅಂಗಡಿ ಯಾತಕ್ಕೆ? ನಿನ್ನ ಕೈಕೆಳಗೆ ಈಗ ಹನ್ನೊಂದು ಜನ ಇದ್ದಾರೆ ಎಂದು ನಿಮ್ಮಮ್ಮ ಕಂಡಕಂಡವರಿಗೆಲ್ಲ ಹೇಳುತ್ತಾಳೆ. ನಾನೂ ಹೇಳುತ್ತೇನೆ, ಅವಳಿಲ್ಲದಾಗ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಣಿಕಟ್ಟು ಜೋಪಾನ. ನಿನ್ನ ಕೈಗೆ ಶಕ್ತಿ, ಮನಸ್ಸಿಗೆ ನೆಮ್ಮದಿ, ನಿನ್ನ ಮಾತನ್ನು ಕೇಳುವ ಜನ, ಈ ಮೂರೂ ಯಾವಾಗಲೂ ನಿನಗಿರಲಿ ಎಂದು ಹರಸುತ್ತೇನೆ. ನಿಮ್ಮಮ್ಮನ ಆಶೀರ್ವಾದಗಳು ಬೇರೆಯೇ ಬರುತ್ತವೆ, ಅವಳಿಗೆ ನಾನು ಈ ಪತ್ರ ತೋರಿಸಿಲ್ಲ.

ಇಂತು,
ನಿನ್ನ ಅಪ್ಪ

ತಾ. ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ತೆಗೆದಿದ್ದೇನೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ, ಕಣ್ಣು ಮೋಸ ಮಾಡಿತು, ಮನಸಾರೆ ನಂಬಿದ್ದೆ ಎಂದು. ಅವತ್ತು ನೀನು ಹೊರಟ ಮೇಲೆ ಆ ಡ್ರಮ್ ವಾಪಸು ಹಾಕಿದವನು ನಾನೇ. ಹಾಕುವ ಮೊದಲು ಬಟ್ಟೆಯಿಂದ ಒರೆಸಿದೆ. ಡ್ರಮ್ಮಿಗೂ ಅದರ ಜೊತೆಗೇ ಕಳಚಿಬರುವ ಚಕ್ರದ ಗುಂಬಕ್ಕೂ ಸೇರಿಸಿ ಕಾರ್ಖಾನೆಯಲ್ಲಿ ಬಡಿದ ರಿವೆಟ್‌ಗಳು, ಐದಕ್ಕೆ ಐದೂ ಹಾಗೇ ಇದ್ದವು. ಡ್ರಮ್ ಬದಲಾಯಿಸಬೇಕಾದರೆ ಅವನ್ನು ಕತ್ತರಿಸಲೇಬೇಕು, ನಿನಗೆ ಗೊತ್ತಲ್ಲ. ನೀನು ಅದನ್ನೇ ತೋರಿಸಲು ಹೊರಟಿದ್ದೆಯೇನೋ, ನಾನು ಬಾಯಿ ಮುಚ್ಚಿಸಿದೆ. ಡಾಕ್ಟರು, ಹೋಟೆಲ್ ಮಾಲೀಕ ಇಬ್ಬರೂ ಇನ್ನೂ ಗೇಟಿನ ಹತ್ತಿರವೇ ನಿಂತಿದ್ದರು, ಹತ್ತು ಹೆಜ್ಜೆ ಅಷ್ಟೇ. ನೀನೂ ಬೀದಿಯ ತಿರುವು ದಾಟಿರಲಿಲ್ಲ, ಕೂಗಿದ್ದರೆ ಕೇಳುತ್ತಿತ್ತು. ನಾನು ಚಕ್ರ ಹಾಕಿ ಬಿಗಿದು ಕೈತೊಳೆದುಕೊಂಡೆ. ನೀನು ಸರಿ ಎನ್ನುವುದು ನನಗೆ ಗೊತ್ತಾಗಿದ್ದು ಈ ವಾರವಲ್ಲ ಮಗಳೇ, ಏಳು ವರ್ಷದ ಹಿಂದೆಯೇ. ಆ ತಾಯಿಗೂ ಇದನ್ನು ಹೇಳಿಲ್ಲ, ನಾಳೆ ಹೋಗಿ ಹೇಳುತ್ತೇನೆ. ಇದನ್ನು ಓದಿ ನೀನು ಫೋನ್ ಮಾಡದಿದ್ದರೆ ಯಾಕೆ ಎಂದು ನಾನು ಕೇಳುವುದಿಲ್ಲ. ಈಗಲೇ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ, ಇನ್ನೊಂದು ಸಲ ಓದಿದರೆ ಹರಿದುಬಿಡುತ್ತೇನೆ.