ಗುಡ್ಡದ ಮಣ್ಣು ಎಲ್ಲಿ ಹೋಯಿತು

ಮಾರ್ಚ್ ೯, ಸೋಮವಾರ

ಎರಡನೆಯ ಗಿಡವೂ ಹೋಯಿತು. ಕುಂಡ ಬಗ್ಗಿಸಿದರೆ ಬೇರುಗಳೆಲ್ಲ ಕೊಳೆತು ಲೋಳೆಯಾಗಿತ್ತು. ನಮ್ಮ ಸಸ್ಯತೋಟದಲ್ಲಿ ಉಳಿದದ್ದು ಇನ್ನೊಂದೇ. ಈ ಜಾತಿಯದ್ದು ಲೋಕದಲ್ಲೇ ಅದೊಂದೇ ಇರಬೇಕು. ಅದು ಹುಟ್ಟಿದ ಗುಡ್ಡವನ್ನು ಕಲ್ಲುಗಣಿಯವರು ಕರಗಿಸಿಬಿಟ್ಟರು. ತೋಟದ ಕಪ್ಪು ಜಿಗುಟು ಮಣ್ಣು ನೀರು ಹಿಡಿದಿಡುತ್ತದೆ. ಇದಕ್ಕೆ ಬೇಕಾದದ್ದು ನೀರೇ ನಿಲ್ಲದ, ಸಾರವಿಲ್ಲದ ಆ ಗರಸು ಮಣ್ಣು. ಮರಳು, ಜಲ್ಲಿ ಎಲ್ಲ ಬೆರೆಸಿ ನೋಡಿದೆ, ಒಗ್ಗಲಿಲ್ಲ.

ಸಂಜೆ ನಾಚಿಕೆ ಬಿಟ್ಟು ಅಣ್ಣನಿಗೆ ಫೋನ್ ಮಾಡಿದೆ. ಆ ಗಣಿಯಲ್ಲಿ ಲಾರಿ ಓಡಿಸುವವನು ಅವನೇ. ಅದೇ ಕಾರಣಕ್ಕೆ ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

"ಆ ಗುಡ್ಡದ ಒಂದು ಚೀಲ ಮಣ್ಣು ಬೇಕಿತ್ತಣ್ಣಾ."

"ಗುಡ್ಡ ಎಲ್ಲಿದೆ ತಾಯಿ? ಅಲ್ಲೀಗ ಬರೀ ಹೊಂಡ. ಮೇಲ್ಮಣ್ಣು ಒಂದು ಕಟ್ಟಡದ ಪಾಯಕ್ಕೆ ಹೋಯ್ತು. ನಾನೇ ಸುರಿದಿದ್ದು. ಬಾ, ನೋಡೋಣ."

ಪಾಯದ ಮೇಲೆ ಆಗಲೇ ಕಾಂಕ್ರೀಟ್ ಬಿದ್ದಿತ್ತು. ಅಣ್ಣ ಮಂಡಿಯೂರಿ ಗೋಡೆಯುದ್ದಕ್ಕೂ ಬೆರಳಲ್ಲಿ ಕೆದಕುತ್ತ ಹೋದ. ಮೂಲೆಯೊಂದರಲ್ಲಿ ಕೆಂಪು ಗರಸು ಸಿಕ್ಕಿತು. ಅಂಗಿ ಬಿಚ್ಚಿ ಅದರಲ್ಲೇ ತುಂಬಿಕೊಂಡ.

"ಇಷ್ಟು ಸಾಕಾ? ಬದುಕುತ್ತಲ್ವಾ ಅದು?"

ತೋಟಕ್ಕೆ ಬಂದು ಉಳಿದೊಂದು ಗಿಡದ ಬೇರು ತೊಳೆದು ಆ ಮಣ್ಣಿನಲ್ಲಿ ನೆಟ್ಟೆ. ಎಲೆಗಳು ಇನ್ನೂ ಜೋತುಬಿದ್ದಿವೆ. ಮನೆಗೆ ಹೋಗು ಎಂದರೂ ಕೇಳದೆ ಅಣ್ಣ ಹೊರಗೆ ಕುಂಡದ ಪಕ್ಕದಲ್ಲೇ ಬನಿಯನ್ನಿನಲ್ಲಿ ಕೂತಿದ್ದಾನೆ. ನಾನು ಕಚೇರಿಯೊಳಗೆ ಕೂತು ಇದನ್ನು ಬರೆಯುತ್ತಿದ್ದೇನೆ, ಅವನ ಮುಖ ನೋಡಲಾಗದೆ. ತೊಳೆಯುವಾಗ ತಾಯಿಬೇರಿನ ತುದಿ ಕೊಳೆತು ಮೆತ್ತಗೆ ಕೈಗೇ ಬಂತು. ಅವನು ನೋಡಲಿಲ್ಲ. ಹೇಳಬೇಕು. ಹೇಗೆ ಹೇಳಲಿ, ಅವನು ಈಗಷ್ಟೇ ಕಿಟಕಿಯ ಹೊರಗಿನಿಂದ, ಒಂದು ಎಲೆ ಎದ್ದ ಹಾಗಿದೆ ಬಾರೇ ಅಂತ ಕೂಗಿದ.